ನೋವು ನಿಂತ ಹಲ್ಲಿಗೂ ರೂಟ್ ಕೆನಾಲ್ ಬೇಕೆ?

ದಂತಾರೋಗ್ಯ: ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಪ್ರಶ್ನೆ: ಮಾನ್ಯರೇ, ನನಗೆ 46 ವರ್ಷ. ಬಲಗಡೆಯ ಕೆಳದವಡೆಯ ಹುಳುಕು ಹಲ್ಲೊಂದು ಕಳೆದ ತಿಂಗಳು ಬಿಸಿ ಕಾಫಿ ತಾಗಿದರೆ ಸಾಕು ಸಿಡಿಯುತ್ತಿತ್ತು. ರಾತ್ರಿ ಮಲಗಿದರೆ ನೋವು ಕಿವಿಯವರೆಗೂ ಹಬ್ಬುತ್ತಿತ್ತು. ಔಷಧದ ಅಂಗಡಿಯಲ್ಲಿ ಕೇಳಿ ಐದು ದಿನ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದೆ. ನೋವು ಪೂರ್ತಿ ನಿಂತಿತು. ಈಗ ವೈದ್ಯರು ಹಲ್ಲಿನ ನರ ಸತ್ತಿದೆ, ರೂಟ್ ಕೆನಾಲ್ ಮಾಡಿಸಿ ಎನ್ನುತ್ತಿದ್ದಾರೆ. ನೋವೇ ಇಲ್ಲದ ಹಲ್ಲಿಗೆ ಚಿಕಿತ್ಸೆ ಏಕೆ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಹಲ್ಲಿನ ನೋವು ನಿಂತಿರುವುದು ಹಲ್ಲು ವಾಸಿಯಾದ ಕಾರಣಕ್ಕಲ್ಲ, ನೋವನ್ನು ಅರಿಯುವ ತಿರುಳೇ ಸತ್ತಿರುವ ಕಾರಣಕ್ಕೆ. ಹಲ್ಲಿನ ಒಳಗಿನ ಈ ಮೆತ್ತನೆಯ ತಿರುಳಿನಲ್ಲಿ ನರಗಳೂ ರಕ್ತನಾಳಗಳೂ ಇರುತ್ತವೆ. ಹುಳುಕು ಅಲ್ಲಿಯವರೆಗೆ ಇಳಿದು ಉರಿಯೂತ ಉಂಟಾದಾಗ, ಮೈಯ ಬೇರೆ ಭಾಗಗಳಂತೆ ಊದಿಕೊಳ್ಳಲು ಅದಕ್ಕೆ ಜಾಗವಿರುವುದಿಲ್ಲ, ಏಕೆಂದರೆ ಸುತ್ತಲೂ ಡೆಂಟಿನ್ ಎಂಬ ಹಲ್ಲಿನ ಒಳಪದರದ ಗಟ್ಟಿ ಗೋಡೆಯಿದೆ. ಒತ್ತಡ ಒಳಗೊಳಗೇ ಏರಿ, ಬೇರಿನ ತುದಿಯ ಕಿರಿದಾದ ರಂಧ್ರದ ಮೂಲಕ ನಡೆಯುವ ರಕ್ತಸಂಚಾರ ಕುಂಠಿತವಾಗಿ, ತಿರುಳು ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ. ಬಿಸಿಗೆ ಸಿಡಿಯುವುದು, ಮಲಗಿದಾಗ ಹೆಚ್ಚಾಗುವುದು, ಯಾವ ಹಲ್ಲು ಎಂದು ತೋರಿಸಲಾಗದಂತೆ ಕಿವಿಗೆ ಹರಡುವುದು, ಇವು ತಿರುಳು ಚೇತರಿಸಿಕೊಳ್ಳಲಾರದ ಹಂತ ಮುಟ್ಟಿರುವುದರ ಲಕ್ಷಣಗಳು.

ಆ ಐದು ದಿನಗಳಲ್ಲಿ ತಿರುಳು ತಾನಾಗಿ ಸತ್ತಿತು, ಶ್ರೇಯಸ್ಸು ಮಾತ್ರೆಗೆ ಸಿಕ್ಕಿತು. ಆ್ಯಂಟಿಬಯೋಟಿಕ್ ರಕ್ತದ ಮೂಲಕವೇ ಸೋಂಕಿನ ಜಾಗ ತಲುಪಬೇಕು. ರಕ್ತಸಂಚಾರವೇ ನಿಂತ ತಿರುಳಿಗೆ ಅದು ತಲುಪುವ ದಾರಿಯಿಲ್ಲ. ಹಲ್ಲಿಗೆ ನೇರ ಚಿಕಿತ್ಸೆ ಲಭ್ಯವಿರುವಾಗ ಆರೋಗ್ಯವಂತ ವಯಸ್ಕರಿಗೆ ಇಂಥ ಬಹುತೇಕ ನೋವುಗಳಲ್ಲಿ ಆ್ಯಂಟಿಬಯೋಟಿಕ್ ಕೊಡಬಾರದೆಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಮಾರ್ಗಸೂಚಿಯನ್ನೇ ಪ್ರಕಟಿಸಿದೆ. ನಮ್ಮಲ್ಲಿ ಮಾತ್ರ ಹಲ್ಲುನೋವು ಎಂದೊಡನೆ ಅಂಗಡಿಯವರ ಕೈ ಆ ಮಾತ್ರೆಗಳತ್ತಲೇ ಹೋಗುತ್ತದೆ. ಜ್ವರ ಬಂದರೆ ಅಥವಾ ಮುಖದ ಬಾವು ಹರಡುತ್ತಿದ್ದರೆ ಅದು ಬೇರೆ ವಿಷಯ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರಂತೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸತ್ತ ತಿರುಳಿನ ನಾಳದಲ್ಲಿ ಈಗ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಅದು ಬೇರಿನ ತುದಿಯಿಂದ ಹೊರಬೀಳುವಾಗ ದೇಹ ಪ್ರತಿರೋಧ ಒಡ್ಡುತ್ತದೆ, ಆ ಜಗಳದಲ್ಲಿ ಸುತ್ತಲಿನ ಮೂಳೆ ಕರಗುತ್ತದೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆದು, ಒಂದು ದಿನ ಕೀವು ತುಂಬಿದ ಬಾವಾಗಿಯೋ ಒಸಡಿನ ಮೇಲೆ ಪದೇ ಪದೇ ಒಡೆಯುವ ಗುಳ್ಳೆಯಾಗಿಯೋ ಕಾಣಿಸಿಕೊಳ್ಳಬಹುದು. ಆದ್ದರಿಂದ ನಿಮ್ಮ ಮುಂದೆ ಇರುವ ಆಯ್ಕೆಗಳು ಎರಡೇ: ರೂಟ್ ಕೆನಾಲ್ (ಸತ್ತ ತಿರುಳು ತೆಗೆದು, ಬೇರಿನ ನಾಳ ಶುಚಿಗೊಳಿಸಿ ಮುಚ್ಚುವುದು) ಅಥವಾ ಹಲ್ಲು ಕೀಳಿಸುವುದು.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಐಸ್‌ಕ್ರೀಮ್ ತಿಂದರೆ ಒಂದು ದವಡೆ ಹಲ್ಲು ಜುಮ್ಮೆನ್ನುತ್ತದೆ, ಕ್ಷಣದಲ್ಲಿ ಸರಿಹೋಗುತ್ತದೆ. ಒಂದೇ ಎಕ್ಸ್-ರೇ ನೋಡಿ ಒಬ್ಬ ವೈದ್ಯರು ರೂಟ್ ಕೆನಾಲ್ ಎಂದರು, ಇನ್ನೊಬ್ಬರು ಹುಳುಕು ತೆಗೆದು ತುಂಬಿಸಿದರೆ ಸಾಕು ಎಂದರು. ಯಾರ ಮಾತು ಕೇಳಬೇಕು?
– ಓದುಗರು, ಮೈಸೂರು

ಉತ್ತರ: ಹುಳುಕು ಎಷ್ಟು ಆಳಕ್ಕೆ ಹೋಗಿದೆ, ಬೇರಿನ ತುದಿಯ ಮೂಳೆ ಹೇಗಿದೆ ಎಂಬುದನ್ನು ಎಕ್ಸ್-ರೇ ತೋರಿಸಬಲ್ಲದು, ತಿರುಳು ಬದುಕಿದೆಯೇ, ಎಷ್ಟು ನರಳುತ್ತಿದೆ ಎಂಬುದನ್ನು ಅದು ತೋರಿಸುವುದಿಲ್ಲ. ಮೂಳೆಯಲ್ಲಿ ಕಪ್ಪು ನೆರಳು ಮೂಡುವುದೂ ಖನಿಜಾಂಶ ಸಾಕಷ್ಟು ಕರಗಿದ ಮೇಲೆಯೇ. ಆದ್ದರಿಂದ ತೀರ್ಮಾನ ಪರೀಕ್ಷೆಗಳ ಮೇಲೆ ನಿಲ್ಲಬೇಕು. ತಂಪಿನ ಪರೀಕ್ಷೆಯಲ್ಲಿ ವೈದ್ಯರು ಸಣ್ಣ ಹತ್ತಿ ಉಂಡೆಗೆ ಅತಿ ತಂಪಿನ ದ್ರವ ಸಿಂಪಡಿಸಿ, ಮೊದಲು ಪಕ್ಕದ ಆರೋಗ್ಯವಂತ ಹಲ್ಲಿಗೆ, ಆಮೇಲೆ ಸಂಶಯದ ಹಲ್ಲಿಗೆ ತಾಗಿಸುತ್ತಾರೆ. ತಂಪು ಗೊತ್ತಾದೊಡನೆ ಕೈ ಎತ್ತಬೇಕು, ನೋವು ಹೋದೊಡನೆ ಇಳಿಸಬೇಕು. ಹತ್ತಿ ತೆಗೆದ ಕೆಲವೇ ಸೆಕೆಂಡುಗಳಲ್ಲಿ ಕೈ ಇಳಿದರೆ ತಿರುಳು ಚೇತರಿಸಿಕೊಳ್ಳಬಲ್ಲದು. ಅರ್ಧ ನಿಮಿಷ ದಾಟಿದರೂ ಕೈ ಮೇಲೆಯೇ ಇದ್ದರೆ ಉರಿಯೂತ ಮಿತಿ ಮೀರಿರುವ ಸಾಧ್ಯತೆ ಹೆಚ್ಚು. ಕೈ ಏಳದೇ ಇದ್ದರೆ ತಿರುಳು ಸತ್ತಿರಬಹುದು. ಅದನ್ನು ಖಚಿತಪಡಿಸಿಕೊಳ್ಳಲು ವಿದ್ಯುತ್ ಪರೀಕ್ಷೆಯ ಪುಟ್ಟ ಉಪಕರಣವೂ ಇದೆ. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಾಗ ನೋವಾದರೆ ಸೋಂಕಿನ ಪರಿಣಾಮ ಬೇರಿನ ಸುತ್ತಲಿನ ಅಂಗಾಂಶ ಮುಟ್ಟಿದೆ ಎಂದು ಊಹಿಸಬಹುದು.

ನೀವು ಬರೆದ ಲಕ್ಷಣ ನಿಜವಾಗಿಯೂ ಅಷ್ಟೇ ಆಗಿದ್ದರೆ ನನ್ನ ಒಲವು ಎರಡನೆಯ ವೈದ್ಯರ ಕಡೆಗೆ. ಹುಳುಕು ತೆಗೆಯುವಾಗ ತಿರುಳು ಒಂದಿಷ್ಟು ಹೊರಗೆ ಕಂಡರೂ ಇಂದು ಅದನ್ನು ಉಳಿಸುವ ದಾರಿಗಳಿವೆ: 1993ರಲ್ಲಿ ದಂತವೈದ್ಯಶಾಸ್ತ್ರಕ್ಕೆ ಪರಿಚಯವಾದ ಎಂಟಿಎ ಎಂಬ ಸಿಮೆಂಟ್ ಮತ್ತು ಅದರ ಬಳಗದ ವಸ್ತುಗಳನ್ನು ತಿರುಳಿನ ಮೇಲೆ ಹೊದಿಸಿ ಹಲ್ಲನ್ನು ಜೀವಂತವಾಗಿ ಇಡಬಹುದು. ತಂಪಿನ ಪರೀಕ್ಷೆ ಮಾಡದೆ, ಹಲ್ಲನ್ನು ತಟ್ಟಿ ನೋಡದೆ, ಬರಿಯ ಎಕ್ಸ್-ರೇ ಎತ್ತಿ ಹಿಡಿದು ರೂಟ್ ಕೆನಾಲ್ ಎಂದವರನ್ನು ಕಾರಣ ಕೇಳುವುದು ಅವಿನಯವಲ್ಲ.

ಪ್ರಶ್ನೆ: ರೂಟ್ ಕೆನಾಲ್‌ನಲ್ಲಿ ಏನು ಮಾಡುತ್ತಾರೆ? ತುಂಬಾ ನೋಯುತ್ತದೆಯೇ? ಕ್ಯಾಪ್ ಹಾಕಿಸಲೇಬೇಕೇ?
– ಓದುಗರು, ಕಾರವಾರ

ಉತ್ತರ: ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯಿಂದ ಹಲ್ಲನ್ನು ಎಂಜಲಿನಿಂದ ಬೇರ್ಪಡಿಸಿ, ಮೇಲಿನಿಂದ ರಂಧ್ರ ಕೊರೆದು, ಸೂಜಿಯಂಥ ಫೈಲ್‌ಗಳಿಂದ ಬೇರಿನ ನಾಳಗಳನ್ನು ಶುಚಿಗೊಳಿಸುತ್ತಾರೆ. ಫೈಲ್ ತಲುಪದ ಮೂಲೆಗಳ ಬ್ಯಾಕ್ಟೀರಿಯಾವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಕೊಲ್ಲುತ್ತದೆ; ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ಯಶಸ್ಸು ನಿಂತಿರುವುದು ಹೆಚ್ಚಾಗಿ ಈ ತೊಳೆಯುವ ಕೆಲಸದ ಮೇಲೆಯೇ. ಆಮೇಲೆ ಗಟ್ಟಾ ಪರ್ಚಾ ಎಂಬ ಮರದ ಹಾಲಿನಿಂದ ಬಂದ ವಸ್ತುವನ್ನು ತುಂಬಿ ನಾಳವನ್ನು ಮುಚ್ಚುತ್ತಾರೆ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಕಣ್ಣಿಗೆ ಸುಲಭವಾಗಿ ಬೀಳದ ನಾಲ್ಕನೆಯ ನಾಳ ಬಹಳ ಸಲ ಇರುತ್ತದೆ. ಅದು ತಪ್ಪಿಹೋದರೆ ಸೋಂಕು ಅಲ್ಲೇ ಉಳಿಯುತ್ತದೆ. ಒಂದೇ ಸಲಕ್ಕೆ ಮುಗಿಸುವುದೋ ಎರಡು ಮೂರು ಸಲ ಕರೆಯುವುದೋ ಎಂಬುದು ಹಲ್ಲಿನ ಸ್ಥಿತಿಗೆ ಬಿಟ್ಟದ್ದು.

ನೋವಿನ ಮಾತಿಗೆ ಬಂದರೆ, ತೀವ್ರ ಉರಿಯೂತವಿರುವ ಕೆಳದವಡೆಯ ಹಲ್ಲು ಮೊದಲ ಇಂಜೆಕ್ಷನ್‌ಗೆ ಪೂರ್ತಿ ಮರಗಟ್ಟದೆ ಇರುವುದು ಅಪರೂಪವಲ್ಲ. ಸಹಿಸಿಕೊಂಡು ಕೂರಬೇಡಿ, ಕೈ ಎತ್ತಿ ಹೇಳಿ. ಹಲ್ಲಿನ ಸುತ್ತ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಚಿಕಿತ್ಸೆಯ ನಂತರ ಎರಡು ಮೂರು ದಿನ ಕಚ್ಚಿದಾಗ ನೋವಿರುವುದು ಸಹಜ.

ಕ್ಯಾಪ್ ವಿಷಯದಲ್ಲಿ: ಹುಳುಕು ಮತ್ತು ರಂಧ್ರ ಸೇರಿ ಹಲ್ಲಿನ ಗೋಡೆಗಳು ತೆಳುವಾಗಿರುವುದರಿಂದ, ದವಡೆ ಹಲ್ಲಾದರೆ ಸಾಮಾನ್ಯವಾಗಿ ಹಾಕಿಸಲೇಬೇಕು. ದುಡ್ಡು ಉಳಿಸಲು ಹಾಗೇ ಬಿಟ್ಟು, ನಿಪ್ಪಟ್ಟು ಕಡಿದು ಹಲ್ಲು ಉದ್ದಕ್ಕೆ ಸೀಳಿಕೊಂಡು ಬರುವವರಿದ್ದಾರೆ. ಬೇರಿನವರೆಗೆ ಸೀಳಿದ ಹಲ್ಲನ್ನು ಕೀಳದೆ ಬೇರೆ ಉಪಾಯವಿಲ್ಲ. ಮುಂಬದಿಯ ಹಲ್ಲಿನ ಗೋಡೆಗಳು ಗಟ್ಟಿಯಾಗಿದ್ದರೆ ಚೆನ್ನಾಗಿ ತುಂಬಿಸಿದರೆ ಸಾಕಾಗಬಹುದು.