ಸಿನಿಮಾದಲ್ಲಿ ತೋರಿಸುವ ಪ್ರೀತಿ, ಅಗಲಿಕೆ ನಿಜ ಜೀವನದ ಹಾಗೇ ಇರುತ್ತಾ?

ಪ್ರೀತಿ ಅಷ್ಟಾಗಿ ಇಲ್ಲ. ಅಗಲಿಕೆ ಮಾತ್ರ ಒಮ್ಮೊಮ್ಮೆ ಹತ್ತಿರ ಬರುತ್ತದೆ.

ಪ್ರೀತಿಯಲ್ಲಿ ಸಿನಿಮಾದವರಿಗೆ ಬೇಕಾಗೋದು ಶುರುವಿನ ಭಾಗ. ಮದುವೆ ಆದ ಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ, ಅಲ್ವಾ? ಅದಕ್ಕೇ ನನಗೆ ಪುಟ್ಟಣ್ಣ ಕಣಗಾಲರ 1967ರ 'ಬೆಳ್ಳಿಮೋಡ' ಇಷ್ಟ. ಆಸ್ತಿ ಸಿಗಲ್ಲ ಅಂತ ಗೊತ್ತಾದ ಮೇಲೆ ದೂರ ಸರಿದ ಹುಡುಗ, ಕೊನೆಗೆ ತಪ್ಪಾಯ್ತು ಅಂತ ಬಂದರೂ ನಾಯಕಿ ಇಂದಿರಾ ಒಪ್ಪಲ್ಲ. ಬೇರೆಯವರಾಗಿದ್ದರೆ ಅಲ್ಲೇ ತಾಳಿ ಕಟ್ಟಿಸಿ ಮುಗಿಸುತ್ತಿದ್ದರು!

ಸಾವಿನ ದುಃಖದ ವಿಷಯ ಬೇರೆ. ತೆರೆ ಮೇಲೆ ಕಿರುಚಾಟ, ಹಿಂದೆ ಪಿಟೀಲು. ನಮ್ಮೂರು ಶಿರಾ ಹತ್ತಿರದ ಹಳ್ಳಿ. ಅಜ್ಜಿಯನ್ನು ಮಣ್ಣು ಮಾಡಿ ಬಂದ ರಾತ್ರಿಯೇ ತ್ರೀ ಫೇಸ್ ಕರೆಂಟ್ ಬಂತು ಅಂತ ತಾತ ಎದ್ದು ಮೋಟರ್ ಹಾಕೋಕೆ ಹೋದರು, ಬೆಳಗಾದರೂ ಬರಲಿಲ್ಲ, ಹೋಗಿ ನೋಡಿದರೆ ಪಂಪ್‌ಹೌಸ್ ಮುಂದೆ ಸುಮ್ನೆ ಕೂತಿದ್ದರು, ನೀರು ಬದು ದಾಟಿ ಪಕ್ಕದ ಹೊಲಕ್ಕೆ ಹರಿಯುತ್ತಿತ್ತು. ಒಂದು ಹನಿ ಕಣ್ಣೀರಿಲ್ಲ.

ಇಂಥದ್ದನ್ನು ಹಿಡಿಯೋಕೆ ನಿರ್ದೇಶಕರಿಗೆ ತಾಳ್ಮೆ ಬೇಕು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿ. ಮರೆವಿನ ಕಾಯಿಲೆಯ ಅಪ್ಪ, ಅಂದರೆ ಅನಂತ್ ನಾಗ್, ಕಾಣೆಯಾಗುತ್ತಾರೆ. ಆ ಹೆಸರೇ ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಸಾಲು. ಯಾರಿಗೆ ಬೇಕಾದರೂ ಹೊಂದುವ ಗುರುತು ಅದು. ಹುಡುಕುತ್ತಾ ಹೋದಾಗಲೇ ಮಗನಿಗೆ ತನ್ನ ಅಪ್ಪ ಎಂಥವರು ಅಂತ ಗೊತ್ತಾಗೋದು. ಅದನ್ನು ನೋಡಿ ಬಂದ ರಾತ್ರಿ ತುಮಕೂರು ಬಸ್ ಸ್ಟ್ಯಾಂಡಿನಿಂದಲೇ ಅಪ್ಪನಿಗೆ ಫೋನ್ ಮಾಡಿದ್ದೆ. 'ಯಾಕೋ, ದುಡ್ಡು ಬೇಕಿತ್ತಾ?' ಅಂದರು.