ಫೋಟೋ ಸರಿಯಿಲ್ಲ ಅಂತ ಹಳೆ ಕಾರನ್ನು ಕಡಿಮೆಗೆ ಕೇಳುತ್ತಾರಾ?

ತುಮಕೂರಿನಲ್ಲಿ ನಿಮ್ಮ ಹಳೆ ವ್ಯಾಗನ್ ಆರ್ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದೀರಿ, ಕೇಳುವವರೆಲ್ಲ ತೀರಾ ಕಡಿಮೆಗೆ ಕೇಳುತ್ತಿದ್ದಾರೆ, ಫೋಟೋ ಸರಿಯಿಲ್ಲದ್ದಕ್ಕೆ ಹೀಗಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಹೌದು. ನಾನು ಇದೇ ಊರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಮಾಡುತ್ತೇನೆ.

ಫೋಟೋದಿಂದ ಕಾರಿನ ಬೆಲೆ ಏರುವುದಿಲ್ಲ. ಆದರೆ ಫೋಟೋದಲ್ಲಿ ಕಾಣದ ಕಡೆಗೆಲ್ಲ ಕೊಳ್ಳುವವರು ತಾವೇ ಒಂದು ಖರ್ಚು ಹಾಕಿಕೊಳ್ಳುತ್ತಾರೆ. ಎಡಗಡೆ ಬಾಗಿಲು ತೋರಿಸಿಲ್ವಾ? ಟಿಂಕರಿಂಗ್ ಆಗಿರಬೇಕು. ಟೈರ್ ತೋರಿಸಿಲ್ವಾ? ನಾಲ್ಕೂ ಹೋಗಿರಬೇಕು. ಇದನ್ನೆಲ್ಲ ಕಳೆದು ಉಳಿದದ್ದನ್ನು ನಿಮಗೆ ಹೇಳುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲೇ ಹಳೆ ಕಾರುಗಳನ್ನು ಇಟ್ಟುಕೊಂಡು ಇದನ್ನು ವಿವರಿಸಿದ್ದರು. ಯಾವುದು ಒಳ್ಳೆಯದು ಅಂತ ಗೊತ್ತಾಗದಿದ್ದಾಗ ಒಳ್ಳೆ ಕಾರಿಗೂ ಒಳ್ಳೆ ಬೆಲೆ ಸಿಗುವುದಿಲ್ಲ.

ಬೆಂಗಳೂರಿನಿಂದ 70 ಕಿಲೋಮೀಟರ್ ಬರಬೇಕಾದವರು ಫೋಟೋ ನೋಡಿಯೇ ಹೊರಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ. ಅವರು ಬರದಿದ್ದರೆ ಉಳಿಯುವವರು ನಮ್ಮಂಥ ವ್ಯಾಪಾರಿಗಳು. ನಾವು ನಮ್ಮ ಲಾಭ ಇಟ್ಟುಕೊಂಡೇ ಕೇಳುವುದು.

ಕಾರು ತೊಳೆದು, ಪೂರ್ತಿ ಒಣಗಿದ ಮೇಲೆ ಫೋಟೋ ತೆಗೆಯಿರಿ. ಒದ್ದೆ ಕಾರಿನಲ್ಲಿ ಗೀರು ಕಾಣುವುದಿಲ್ಲ, ಗೊತ್ತಿದ್ದವರಿಗೆ ಅದೇ ಅನುಮಾನ. ಬೆಳಗ್ಗೆ ಏಳರ ಹೊತ್ತಿಗೆ, ಬಿಸಿಲು ನಿಮ್ಮ ಬೆನ್ನಿಗಿರಲಿ. ವೈಡ್ ಲೆನ್ಸ್ ಬೇಡ, ಮುಂಭಾಗ ಊದಿಕೊಂಡ ಹಾಗೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗೆದರೆ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ ಮೀಟರ್ ಫೋಟೋ ತೆಗೆಯಿರಿ. ಕಿಲೋಮೀಟರ್ ಜೊತೆಗೆ ಚೆಕ್ ಇಂಜಿನ್ ಲೈಟ್ ಆರಿರುವುದೂ ಕಾಣುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರ್ ಹೊಸದಿದ್ದರೆ ಅದನ್ನು ಹತ್ತಿರದಿಂದ ತೆಗೆದು ಹಾಕಿ.

ಬಂಪರ್‌ನಲ್ಲಿ ಗೀರಿದ್ದರೆ ಪಕ್ಕದಲ್ಲಿ ಬೆರಳಿಟ್ಟು ಫೋಟೋ ತೆಗೆಯಿರಿ, ಎಷ್ಟುದ್ದ ಅಂತ ಗೊತ್ತಾಗಲಿ. ಇದನ್ನು ಹೇಳಿದರೆ ತುಂಬಾ ಜನ ಒಪ್ಪುವುದಿಲ್ಲ. ಆದರೆ ಫೋಟೋದಲ್ಲಿ ನೋಡಿ ಬಂದವರು ಆ ಗೀರಿಗೆ ಮತ್ತೆ ಚೌಕಾಸಿ ಮಾಡುವುದು ಕಡಿಮೆ. ಇಲ್ಲಿಗೆ ಬಂದ ಮೇಲೆ ಕಂಡರೆ, ಇನ್ನೇನೇನು ಮುಚ್ಚಿಟ್ಟಿದ್ದಾರೋ ಅಂತ ಇಡೀ ಕಾರಿನ ಮೇಲೇ ಅನುಮಾನ ಬರುತ್ತದೆ. ಆಗ ಇಳಿಯುವುದು ಬಂಪರ್ ಪೇಂಟಿಂಗ್ ದುಡ್ಡಷ್ಟೇ ಅಲ್ಲ.

ಆರ್‌ಸಿ, ಇನ್ಶೂರೆನ್ಸ್ ಫೋಟೋ ಮಾತ್ರ ಹಾಕಬೇಡಿ. ವಿಳಾಸ, ಚಾಸಿ ನಂಬರ್ ಎಲ್ಲ ಇರುತ್ತದೆ. ನೋಡಲು ಬಂದವರಿಗೆ ಕೈಯಲ್ಲೇ ತೋರಿಸಿ. ಈಗಿರುವ ಜಾಹೀರಾತು ತೆಗೆದು ಹೊಸ ಫೋಟೋ ಜೊತೆ ಮತ್ತೆ ಹಾಕಿ, ಸದ್ಯಕ್ಕೆ ಬೆಲೆ ಇಳಿಸಬೇಡಿ.