ಹೋಲ್ಟರ್ ವರದಿಯಲ್ಲಿ 12,240 ಪಿವಿಸಿ ಅಂತ ಬಂದಿದೆ, ಅಪ್ಪನಿಗೆ ಅಪಾಯವಿದೆಯೇ?

ಡೊಂಬಿವಲಿಯಲ್ಲಿರುವ ನಿಮ್ಮ ತಂದೆಯವರಿಗೆ 62 ವರ್ಷ, ಆಗಾಗ ಎದೆ ಧಸಕ್ಕೆನ್ನುತ್ತದೆ. ಮೈಗೆ ಅಂಟಿಸಿಕೊಂಡು ಓಡಾಡುವ 24 ಗಂಟೆಯ ಇಸಿಜಿಯಾದ ಹೋಲ್ಟರ್‌ನಲ್ಲಿ ಒಟ್ಟು 1,02,000 ಬಡಿತ, ಅದರಲ್ಲಿ 12,240 ಪಿವಿಸಿ, ಒಮ್ಮೆ ನಾಲ್ಕು ಬಡಿತದ ವಿಟಿ (ಹೃದಯದ ಕೆಳಗಿನ ಕೋಣೆಯಿಂದ ಸಾಲಾಗಿ ಬರುವ ವೇಗದ ಬಡಿತ), ನಸುಕಿನ 3 ಗಂಟೆಗೆ 2.3 ಸೆಕೆಂಡಿನ ವಿರಾಮ. ಇಷ್ಟು ಹೇಳಿ ಅಪಾಯ ಎಷ್ಟು ಎಂದು ಕೇಳಿದ್ದೀರಿ.

ಮೊದಲು ಸಮಾಧಾನದ ಮಾತು: ನಿದ್ದೆಯಲ್ಲಿ ಬಂದ 2.3 ಸೆಕೆಂಡಿನ ವಿರಾಮಕ್ಕೆ ಹೆದರಬೇಡಿ. ಮಲಗಿದಾಗ ಬಡಿತ ನಿಧಾನವಾಗುವುದು ಸಹಜ. ಜೋರಾಗಿ ಗೊರಕೆ ಹೊಡೆಯುತ್ತಾರಾದರೆ ಅದನ್ನು ಡಾಕ್ಟರಿಗೆ ಹೇಳಿ. ಎಚ್ಚರವಾಗಿದ್ದಾಗ 3 ಸೆಕೆಂಡಿಗಿಂತ ಹೆಚ್ಚು ನಿಂತು ತಲೆ ಸುತ್ತಿದ್ದರೆ ಆ ಕತೆ ಬೇರೆ.

ಪಿವಿಸಿ ಎಂದರೆ ಹೃದಯದ ಕೆಳಗಿನ ಕೋಣೆಯಿಂದ ಸರದಿಗೆ ಮುಂಚೆಯೇ ಹೊರಡುವ ಬಡಿತ. ಅಂಕಿಗಿಂತ ಒಟ್ಟು ಬಡಿತದಲ್ಲಿ ಅದರ ಶೇಕಡಾವಾರು ಮುಖ್ಯ, ತಂದೆಯವರದು 12. ಸುಮಾರು 10 ದಾಟಿದ ಮೇಲೆ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಎಡ ಕೆಳಕೋಣೆ) ಕಾಲಕ್ರಮೇಣ ಸೋಲುವ ಸಾಧ್ಯತೆಯನ್ನು ಗಮನದಲ್ಲಿಡುತ್ತಾರೆ, 20 ದಾಟಿದರೆ ಇನ್ನಷ್ಟು. ಆದರೆ ಪಿವಿಸಿ ದಿನದಿಂದ ದಿನಕ್ಕೆ ಬಹಳ ಏರಿಳಿಯುತ್ತದೆ; ಒಂದೇ ದಿನದ ಲೆಕ್ಕ ಪೂರ್ತಿ ಚಿತ್ರವಲ್ಲ.

ನಿಜವಾದ ಅಪಾಯ ಅಡಗಿರುವುದು ಬಡಿತದ ಎಣಿಕೆಯಲ್ಲಲ್ಲ, ಹೃದಯದ ಸ್ಥಿತಿಯಲ್ಲಿ. ಇದಕ್ಕೆ ಕಟುವಾದ ಪುರಾವೆ 1989ರಲ್ಲಿ ಹೊರಬಿದ್ದ ಕ್ಯಾಸ್ಟ್ ಪ್ರಯೋಗ. ಹೃದಯಾಘಾತವಾಗಿದ್ದವರಿಗೆ ಪಿವಿಸಿ ತಗ್ಗಿಸುವ ಔಷಧಿಗಳಾದ ಫ್ಲೆಕಾನೈಡ್, ಎನ್‌ಕಾನೈಡ್ ಕೊಟ್ಟಾಗ ಪಿವಿಸಿ ತಗ್ಗಿತು, ಸಾವು ಮಾತ್ರ ಹೆಚ್ಚಿತು. ಆದ್ದರಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸದೆ ಈ ಹೋಲ್ಟರ್ ಓದು ಅರ್ಧವೇ. ಇಎಫ್, ಅಂದರೆ ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ತನ್ನಲ್ಲಿನ ರಕ್ತದಲ್ಲಿ ಹೊರತಳ್ಳುವ ಶೇಕಡಾವಾರು, 55ರ ಮೇಲಿದ್ದು, ಹಳೆಯ ಹೃದಯಾಘಾತದ ಕಲೆಯಿಲ್ಲದೆ, ಎಲ್ಲ ಪಿವಿಸಿಯೂ ಒಂದೇ ಆಕಾರದಲ್ಲಿದ್ದರೆ ಬಹುಪಾಲು ನಿರಾಳ. ಇಎಫ್ 40ರ ಕೆಳಗಿದ್ದರೆ ಅದೇ ನಾಲ್ಕು ಬಡಿತದ ವಿಟಿಗೆ ತೂಕ ಬರುತ್ತದೆ. ತಿಂಗಳುಗಟ್ಟಲೆ ಸರಿಯಾದ ಔಷಧಿ ಕೊಟ್ಟ ಮೇಲೂ 35 ಅಥವಾ ಅದಕ್ಕಿಂತ ಕಡಿಮೆಯೇ ಉಳಿದರೆ ಐಸಿಡಿಯ (ಮೈಯೊಳಗೆ ಅಳವಡಿಸಿ, ಅಪಾಯಕಾರಿ ಬಡಿತ ಬಂದಾಗ ಶಾಕ್ ಕೊಡುವ ಸಾಧನ) ಮಾತು ಬರುತ್ತದೆ.

ಆ ವಿಟಿ ನಿಜವೇ ಎಂದೂ ನೋಡಬೇಕು. ಹಲ್ಲುಜ್ಜುವಾಗ, ಲೋಕಲ್‌ನಲ್ಲಿ ಕೈ ಮೇಲೆತ್ತಿ ಹಿಡಿಕೆ ಹಿಡಿದಾಗ, ಸ್ನಾಯುವಿನ ಅಲುಗಾಟವನ್ನೇ ಕಂಪ್ಯೂಟರ್ ವಿಟಿ ಎಂದು ಗುರುತಿಸಿಬಿಡುತ್ತದೆ. ಪರೀಕ್ಷೆ ಸರಳ: ಇಸಿಜಿ ಗೆರೆಗಳ ಮುದ್ರಿತ ತುಣುಕಿನಲ್ಲಿ ಮುಂಚಿನ ಸಾಮಾನ್ಯ ಬಡಿತಗಳ ಚೂಪುಗಳನ್ನು ಕಾಗದದ ಅಂಚಿನ ಮೇಲೆ ಗುರುತು ಹಾಕಿ, ಆ ಗುರುತುಗಳನ್ನು ಮುಂದೆ ಸರಿಸಿ. ಗೊಂದಲದ ಗೆರೆಗಳ ನಡುವೆಯೂ ಅದೇ ಅಂತರದಲ್ಲಿ ಚೂಪುಗಳು ಸಿಕ್ಕರೆ ಅದು ವಿಟಿಯಲ್ಲ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಹಾಗಾಗಿ ದೊಡ್ಡ ಚೌಕ 0.2 ಸೆಕೆಂಡ್. ಲ್ಯಾಬಿನಿಂದ ಬರೀ ಸಾರಾಂಶದ ಪುಟ ತರಬೇಡಿ, ತುಣುಕುಗಳನ್ನೂ ಕೇಳಿ ಪಡೆಯಿರಿ.

ಮನೆಯ ಬಿಪಿ ಮಷೀನ್ ಅಥವಾ ಆಕ್ಸಿಮೀಟರ್ ನಾಡಿ 38 ತೋರಿಸಿದರೂ ಬಡಿತ 76 ಇರಬಹುದು. ಒಂದು ಬಿಟ್ಟು ಒಂದು ಪಿವಿಸಿ ಬಂದಾಗ, ಹೃದಯ ತುಂಬುವ ಮೊದಲೇ ಹಿಂಡುವುದರಿಂದ ಆ ಅಲೆ ಬೆರಳಿಗೆ ಮುಟ್ಟುವುದೇ ಇಲ್ಲ. ಬಡಿತ ನಿಧಾನವಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಸಿಜಿ ತೆಗೆಸಿ ನೋಡಿ.

ಎಕೋ ಜೊತೆ ಪೊಟ್ಯಾಶಿಯಂ, ಮೆಗ್ನೀಶಿಯಂ, ಥೈರಾಯಿಡ್ ಪರೀಕ್ಷೆ ಮಾಡಿಸಿ; ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೊದಲೆರಡು ಇಳಿದಿರುವುದುಂಟು. ನಡೆದಾಗ ಪಿವಿಸಿ ಹೆಚ್ಚುತ್ತದೆಯೋ ಇಳಿಯುತ್ತದೆಯೋ ಎಂದು ಟ್ರೆಡ್‌ಮಿಲ್ ಬಗ್ಗೆ ಕೇಳಿ. ಹೆಚ್ಚಿದರೆ ಇನ್ನಷ್ಟು ಹುಡುಕಬೇಕು. ತಂದೆಯವರು ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವಾಗಿದ್ದರೆ, ಅದನ್ನು ಮೊದಲ ಮಾತಾಗಿ ಹೇಳಿ. ಇನ್ನು ಮೂರ್ಛೆ, ಎದೆನೋವು, ನಿಲ್ಲದ ಡವಡವ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಮತ್ತೆ ಹೋಲ್ಟರ್ ಹಾಕಿಸುವಾಗ ಎದೆಯ ಕೂದಲು ತೆಗೆಸಿ, ಚರ್ಮದ ಎಣ್ಣೆಯಂಶವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದ ಮೇಲೆಯೇ ಎಲೆಕ್ಟ್ರೋಡ್ ಅಂಟಿಸಲಿ. ಮುಂಬೈಯ ಸೆಕೆಗೆ ಬೆವರಿ ಅದು ಸಡಿಲವಾದರೆ ಗಂಟೆಗಟ್ಟಲೆ ದಾಖಲೆ ಹಾಳು. ಎದೆ ಧಸಕ್ಕೆಂದ ಸಮಯವನ್ನು ತಂದೆಯವರು ನಿಮಿಷ ಸಮೇತ ಬರೆದಿಡಲಿ, ಆಗ ಮೆಟ್ಟಿಲು ಹತ್ತುತ್ತಿದ್ದರೋ, ಊಟ ಮಾಡಿ ಕೂತಿದ್ದರೋ ಎಂಬುದನ್ನೂ.